ನಾರುಮಣ್ಣಿನ ಹೂಕುಂಡಗಳು

ಸವಣೂರಿನ ದೊಡ್ಡಹುಣಸೆ ಮರಗಳ ಮಾತನ್ನು ಕೇಳದ ವಾಚಕರು ವಿರಳ. ಆಫ್ರಿಕಾ ಖಂಡದ ಈ ಮರಗಳು ಎಂದೋ ಇಲ್ಲಿಗೆ ಬಂದು ಬೇರೂರಿ, ತಾವು ನಿಂತ ಮಠಕ್ಕೆ ತಮ್ಮ ಹೆಸರನ್ನೇ ಕೊಟ್ಟಿವೆ. ೨೦೨೩ನೆಯ ಇಸವಿಯ ಜುಲೈ ತಿಂಗಳಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿದಾಗ, ಅದನ್ನೆತ್ತಿ ಮರಳಿ ನೆಡುವವರೆಗೂ ಊರವರಿಗೆ ಸಮಾಧಾನವಿರಲಿಲ್ಲ. ಹೊರಗಿನಿಂದ ಬಂದುದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ತಿರಸ್ಕರಿಸುವ ಊರು ಇದಲ್ಲ. ಆದುದರಿಂದಲೇ, ಪೇಟೆಯಲ್ಲಿ ‘ಫೈಬರ್ ಕ್ಲೇ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿರುವ ಹೂಕುಂಡಗಳನ್ನು ನಾವೂ ಕುತೂಹಲದಿಂದಲೇ ಮನೆಗೆ ತಂದೆವು.

ಹೆಸರು ಹೊಸದಾದರೂ ಅದರೊಳಗಿನ ಯುಕ್ತಿ ನಮಗೆ ಹೊಸದಲ್ಲ. ಬರಿಯ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ನಮ್ಮ ಎರೆಯ ಹೊಲಗಳಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದನ್ನು ಯಾರು ಕಂಡಿಲ್ಲ? ಈ ಬಿರುಕನ್ನು ತಡೆಯಲೆಂದೇ ಹಿರಿಯರು ಗೋಡೆಯ ಮಣ್ಣಿಗೆ ಹೊಟ್ಟನ್ನೂ ಹುಲ್ಲನ್ನೂ ಕಲಸಿ ತುಳಿಸುತ್ತಿದ್ದರು. ನಾರು ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಕುಂಬಾರರೂ ಜೇಡಿಗೆ ಲದ್ದಿ ಬೂದಿಗಳನ್ನು ಬೆರೆಸುವುದುಂಟು. ಆವಿಗೆಯಲ್ಲಿ ಲದ್ದಿಯ ನಾರು ಸುಟ್ಟುಹೋಗಿ, ಅದಿದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹೊಸ ಕುಂಡದಲ್ಲಾದರೋ ಜೇಡಿಯ ಪುಡಿಗೆ ಗಾಜಿನ ನಾರನ್ನೂ ರಾಳವನ್ನೂ ಸೇರಿಸಿ ಅಚ್ಚಿನಲ್ಲಿ ಎರಕಹೊಯ್ಯುತ್ತಾರೆ. ಅದಕ್ಕೆ ಆವಿಗೆಯ ಬೆಂಕಿ ಬೇಕಿಲ್ಲ. ಒಳಗಿನ ನಾರು ಹಾಗೆಯೇ ಉಳಿಯುತ್ತದೆ.

ಇದರ ಮುಖ್ಯ ಗುಣ ಹಗುರತನ. ನಾರಿನ ಬಲವಿರುವುದರಿಂದ ಗೋಡೆಯನ್ನು ತೆಳುವಾಗಿ ಮಾಡಬಹುದು. ಅಂಗಳದಿಂದ ಮಾಳಿಗೆಗೆ ಒಯ್ಯುವಾಗ ನಡುನೋವಿನ ಗೃಹಿಣಿಯರಿಗೆ ಇದೇನು ಸಣ್ಣ ಉಪಕಾರವಲ್ಲ. ಸಣ್ಣ ಪೆಟ್ಟಿಗೆ ಇದು ಸುಲಭವಾಗಿ ಒಡೆಯುವುದಿಲ್ಲ. ಕೊಳವೆಬಾವಿಯ ಗಡಸು ನೀರೆರೆದಾಗ ಸುಟ್ಟ ಮಣ್ಣಿನ ಕುಂಡದ ಹೊರಮೈಯಲ್ಲಿ ಕಟ್ಟುವ ಬಿಳಿಯ ಉಪ್ಪು ಇದರ ಮೇಲೆ ಅಷ್ಟಾಗಿ ಕಾಣದು. ಗೋಡೆಯ ಮೂಲಕ ನೀರು ಆವಿಯಾಗಿ ಹೋಗದ ಕಾರಣ ಚೈತ್ರ ವೈಶಾಖಗಳಲ್ಲಿ ನೀರು ಕಡಿಮೆ ಸಾಕಾಗುತ್ತದೆ. ಎರಡು ದಿನಕ್ಕೊಮ್ಮೆಯೋ ನಾಲ್ಕು ದಿನಕ್ಕೊಮ್ಮೆಯೋ ನಳದ ನೀರು ಕಾಣುವ ಮನೆಯವರು ಇದರ ಬೆಲೆಯನ್ನು ಬಲ್ಲರು.

ಆದರೆ ಈ ಕೊನೆಯ ಗುಣವೇ ನಮಗೆ ಮುಳುವಾಯಿತು. ತಂದ ಉತ್ಸಾಹದಲ್ಲಿ ನಾವು ಮನೆಯ ತುಲಸಿಯನ್ನೇ ಹಳೆಯ ಕುಂಡದಿಂದ ಕಿತ್ತು ಹೊಸದರಲ್ಲಿ ನೆಟ್ಟೆವು. ಅತ್ತೆಯವರು ಬೇಡವೆಂದರು; ನಾವು ಕೇಳಲಿಲ್ಲ. ನಿತ್ಯಪೂಜೆಯ ಗಿಡವಾದುದರಿಂದ ನಿತ್ಯವೂ ನೀರು ಬಿದ್ದಿತು. ಇಪ್ಪತ್ತು ದಿನಗಳಲ್ಲಿ ಎಲೆ ಹಳದಿಯಾಗಿ ಉದುರತೊಡಗಿತು. ನೀರು ಸಾಲದೆಂದು ಇನ್ನಷ್ಟು ಎರೆದೆವು. ಕಡೆಗೆ ಬುಡವನ್ನೆತ್ತಿ ನೋಡಿದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿದೆ. ಕುಂಡದ ತಳದಲ್ಲಿ ರಂಧ್ರದ ಗುರುತು ಮಾತ್ರವಿದ್ದು, ಅದನ್ನು ಕೊರೆದೇ ಇರಲಿಲ್ಲ. ಅತ್ತೆಯವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆ ಸಂಜೆ ದೀಪವನ್ನು ಬರಿದಾದ ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಅವರು ಬೈದಿದ್ದರೆ ಎಷ್ಟೋ ಲೇಸಾಗುತ್ತಿತ್ತು.

ಮರುವಾರ ಸಂತೆಯಲ್ಲಿ ಗಡಿಗೆ ಮಾರುವ ಮುದುಕರೊಬ್ಬರಿಗೆ ಈ ಸಂಗತಿಯನ್ನು ಹೇಳಿದೆವು. ಅವರು ನಕ್ಕು, “ನಮ್ಮ ಕುಂಡ ಬೆವರತೈತ್ರೀ ಅವ್ವಾರ, ಅದು ಬೆವರೂದಿಲ್ಲ. ಬೆವರದಿದ್ದದ್ದಕ್ಕ ಕುಡಿಸೂದೂ ಕಡಿಮಿ ಇರಬೇಕು,” ಎಂದರು. ಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದಿರುವುದು ಇಷ್ಟೇ.

ಆದುದರಿಂದ ಕೊಳ್ಳುವವರು ಮೊದಲು ಕುಂಡವನ್ನು ಮಗುಚಿ ತಳವನ್ನು ನೋಡತಕ್ಕದ್ದು. ರಂಧ್ರವಿಲ್ಲದಿದ್ದರೆ ಅಂಗಡಿಯಲ್ಲಿಯೇ ಕೊರೆಯಿಸಿಕೊಳ್ಳುವುದು ಮೇಲು. ಮನೆಯಲ್ಲಿ ಕೊರೆಯುವುದಾದರೆ ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು, ನೀರು ಚಿಮುಕಿಸುತ್ತ ಕೊರೆಯಬೇಕು. ಗಾಜಿನ ನಾರಿನ ಧೂಳು ಮೈಗೆ ತಾಗಿದರೆ ನವೆಯಾಗುತ್ತದೆ. ನೀರೆರೆಯುವ ಮುನ್ನ ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ಎರೆಯಬೇಕು. ಬರಿಯ ಎರೆಮಣ್ಣು ತುಂಬಬಾರದು. ಮರಳು, ಹಳೆಯ ಗೊಬ್ಬರ, ತೆಂಗಿನ ನಾರಿನ ಪುಡಿಗಳನ್ನು ಬೆರೆಸಬೇಕು.

ಕುಂಡ ಹಗುರವೆಂದು ಮಾಳಿಗೆಯ ತುಂಬ ಸಾಲಾಗಿ ಇಡುವವರೂ ಲೆಕ್ಕವನ್ನು ಮರೆಯಬಾರದು. ಒಂದಡಿ ಅಗಲ, ಒಂದಡಿ ಎತ್ತರದ ಕುಂಡದಲ್ಲಿ ಸುಮಾರು ೨೨ ಲೀಟರಿನಷ್ಟು ಮಣ್ಣು ಹಿಡಿಯುತ್ತದೆ; ನೆನೆದಾಗ ಅದರ ಭಾರ ೩೦ ಕಿಲೋಗೂ ಮಿಗಿಲು. ಹಳೆಯ ಮೇಲ್ಮುದ್ದೆಯ ಮನೆಗಳ ತೊಲೆಗಳು ಕುಂಡದ ಹೆಸರನ್ನು ಕೇಳಿ ಭಾರ ಹೊರುವುದಿಲ್ಲ.

ಈಗ ನಮ್ಮ ಮಾಳಿಗೆಯ ಮೇಲೆ ನಾರುಮಣ್ಣಿನ ಕುಂಡಗಳು ಮೂರಿವೆ. ಎರಡರಲ್ಲಿ ದಾಸವಾಳ, ಒಂದರಲ್ಲಿ ಕರಿಬೇವು ಚೆನ್ನಾಗಿಯೇ ಬಂದಿವೆ. ತುಲಸಿ ಮಾತ್ರ ಸಂತೆಯ ಮುದುಕರ ಕೆಂಪು ಕುಂಡದಲ್ಲಿದೆ. ಅದನ್ನು ಅತ್ತೆಯವರೇ ನೆಟ್ಟರು. ಮಣ್ಣು ಒತ್ತುವಾಗ ತಂಬಿಗೆ ಹಿಡಿದು ನಿಲ್ಲುವ ಕೆಲಸವನ್ನು ನಮಗೆ ಕೊಟ್ಟರು.