ತೋಳಿನ ಮೇಲಿನ ನಾಲ್ಕು ಪಟ್ಟಿ

ತೋಳ ತುದಿಯಲ್ಲಿ ಹೊಂಬಣ್ಣದ ನಾಲ್ಕು ಪಟ್ಟಿಗಳುಳ್ಳ ಕಪ್ಪು ಕೋಟು ತೊಟ್ಟು ಗಂಭೀರವಾಗಿ ನಡೆದುಹೋಗುವ ವಿಮಾನಚಾಲಕನನ್ನು ಕಂಡು ಮಕ್ಕಳು ಬೆರಗಾಗುವುದುಂಟು. ಆ ವೇಷ ಆಕಾಶದ್ದಲ್ಲ, ಸಮುದ್ರದ್ದು ಎಂದರೆ ವಾಚಕರಿಗೆ ಆಶ್ಚರ್ಯವಾದೀತು.

ಮೊದಮೊದಲ ವೈಮಾನಿಕರು ತೆರೆದ ವಿಮಾನದ ಚಳಿಗಾಳಿಗೆ ತಕ್ಕಂತೆ ಚರ್ಮದ ಕೋಟು ತೊಡುತ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆಯು ನೀರಿನ ಮೇಲಿಳಿಯುವ ‘ಕ್ಲಿಪ್ಪರ್’ ವಿಮಾನಗಳನ್ನು ಸಾಗರದಾಚೆಗೆ ಹಾರಿಸಿದಾಗ, ತನ್ನ ಚಾಲಕರಿಗೆ ಹಡಗಿನ ಅಧಿಕಾರಿಗಳ ಉಡುಪನ್ನೇ ತೊಡಿಸಿತು. ‘ಕ್ಯಾಪ್ಟನ್’ ಎಂಬ ಹೆಸರೂ ಹಡಗಿನದೇ. ಅವನಿಗೆ ನಾಲ್ಕು ಪಟ್ಟಿ, ಸಹಚಾಲಕನಿಗೆ ಮೂರು.

ಉಡುಪಿನ ಜೊತೆಗೆ ಹಡಗಿನ ಶಿಸ್ತೂ ಬಂದಿತು. ನಾಲ್ಕು ಪಟ್ಟಿಯ ಮಾತಿಗೆ ಎದುರು ಮಾತಿಲ್ಲ! ಇದರ ಬೆಲೆ ತಿಳಿದದ್ದು 1977ರ ಮಾರ್ಚ್ 27ರಂದು, ಟೆನೆರೀಫ್ ದ್ವೀಪದಲ್ಲಿ. ಮಂಜು ಕವಿದ ರನ್‌ವೇಯಲ್ಲಿ, ಅನುಮತಿ ದೊರೆಯುವ ಮೊದಲೇ ಡಚ್ ವಿಮಾನದ ಹಿರಿಯ ಕ್ಯಾಪ್ಟನ್ ಹಾರಲು ಹೊರಟ. ಎದುರಿನ ವಿಮಾನವು ಇನ್ನೂ ದಾರಿ ಬಿಟ್ಟಿಲ್ಲವೇನೋ ಎಂದು ಅವನ ಎಂಜಿನಿಯರ್ ಶಂಕಿಸಿ ಕೇಳಿದ. ಬಿಟ್ಟಿದೆಯೆಂಬ ಖಂಡಿತವಾದ ಉತ್ತರ ಬಂದೊಡನೆ ಸುಮ್ಮನಾದ. ಕೆಲವೇ ಕ್ಷಣಗಳಲ್ಲಿ ವಿಮಾನಗಳೆರಡೂ ಡಿಕ್ಕಿ ಹೊಡೆದು 583 ಮಂದಿ ಮಡಿದರು. ಎದುರಿನ ವಿಮಾನ ಅದೇ ಪ್ಯಾನ್ ಅಮೆರಿಕನ್ನಿನದು!

1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಹೊಸದೊಂದು ಶಿಕ್ಷಣವನ್ನು ಆರಂಭಿಸಿತು. ಮುಂದೆ ಲೋಕವೆಲ್ಲ ಅದನ್ನು ಒಪ್ಪಿತು. ಅದರ ಸಾರವಿಷ್ಟೆ: ಕಿರಿಯನು ಶಂಕೆಯನ್ನು ಬಾಯಿಬಿಟ್ಟು ಹೇಳಬೇಕು, ಹಿರಿಯನು ಕಿವಿಗೊಟ್ಟು ಕೇಳಬೇಕು.

ಪಟ್ಟಿಗಳು ಇಂದಿಗೂ ನಾಲ್ಕೇ. ನಮ್ಮ ಮನೆ, ಕಚೇರಿ, ಕಾಲೇಜುಗಳ ಹಿರಿಯರಿಗೆ ಪಟ್ಟಿಗಳಿಲ್ಲ, ನಿಜ. ಆದರೆ ಕಿರಿಯರ ಅಳುಕಿನ ಪ್ರಶ್ನೆಗೆ ನಿಂತು ಕಿವಿಗೊಡುವವರು ನಮ್ಮಲ್ಲಿ ಎಷ್ಟು ಮಂದಿ?