ಹಳೇ ವರ್ಷದ ತೆರಿಗೆ ನೋಟಿಸ್: ಹೆದರಿ ಕಟ್ಟುವುದೂ ಬೇಡ, ಸುಮ್ಮನೆ ಕೂರುವುದೂ ಬೇಡ

2025ರ ಜುಲೈ ತಿಂಗಳನ್ನು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳು ಅಷ್ಟು ಬೇಗ ಮರೆಯಲಾರರು. ಬೇಕರಿ, ಚಹಾದಂಗಡಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿ ಇಟ್ಟುಕೊಂಡವರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್‌ಗಳು ಬಂದವು. 2021-22ರಿಂದ 2024-25ರ ವರೆಗೆ ನಿಮ್ಮ ಖಾತೆಗೆ ಯುಪಿಐ ಮೂಲಕ ಇಷ್ಟು ಲಕ್ಷ ಬಂದಿದೆ, ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಆದ್ದರಿಂದ ಇಷ್ಟು ತೆರಿಗೆ ಬಾಕಿ ಇದೆ ಎಂಬುದೇ ಅವುಗಳ ಸಾರಾಂಶ. ಯುಪಿಐ ಸೇವೆ ಕೊಡುವ ಕಂಪನಿಗಳಿಂದಲೇ ಇಲಾಖೆ ಆ ಲೆಕ್ಕ ತರಿಸಿಕೊಂಡಿತ್ತು.

ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು, ಅದಕ್ಕೆ ಸುಮಾರು 29 ಲಕ್ಷ ತೆರಿಗೆ ಎಂದು ಅವರಿಗೆ ನೋಟಿಸ್ ಹೋಗಿತ್ತು. ಹಾವೇರಿ ನಮಗೆ ದೂರವೇನಲ್ಲ, ಹಡಗಲಿ ತಾಲ್ಲೂಕಿನಿಂದ ತುಂಗಭದ್ರೆ ದಾಟಿದರೆ ಅದೇ ಜಿಲ್ಲೆ. ಹೊಳೆಯಾಚೆ ಬಂದದ್ದು ಈಚೆ ಬರುವುದಿಲ್ಲ ಎಂದು ಯಾರು ಹೇಳಬೇಕು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಕರಾವಳಿಯಿಂದ ಬಂದು ಬೇಕರಿ, ಹೋಟೆಲು, ಫ್ಯಾನ್ಸಿ ಅಂಗಡಿ ಇಟ್ಟುಕೊಂಡ ನಮ್ಮವರು ಇದ್ದಾರೆ. ಮಕ್ಕಳನ್ನು ಮದ್ರಸಕ್ಕೆ ಬಿಡಲು ಬರುವ ತಂದೆಯಂದಿರು, 'ಉಸ್ತಾದ್, ಇದೊಂದು ಕಾಗದ ಓದಿ ಹೇಳಿ' ಎಂದು ಕೇಳುವುದು ನಮಗೆ ಹೊಸದಲ್ಲ. ತೆರಿಗೆಯ ಕಾಗದವಾದರೆ ಓದಿ ಹೇಳಿದರೆ ಸಾಲದು, ಏನು ಮಾಡಬೇಕು ಅಂತಲೂ ಹೇಳಬೇಕಾಗುತ್ತದೆ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂಬುದನ್ನು ಮನೆಮಂದಿಗೆಲ್ಲ ತಿಳಿಯುವ ಹಾಗೆ ಇಲ್ಲಿ ಬರೆಯುತ್ತಿದ್ದೇವೆ.

ಆ ಜುಲೈಯಲ್ಲಿ ಮುಂದೆ ಏನಾಯಿತು? 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಎಂಬ ಚೀಟಿಗಳು ಅಂಗಡಿಗಳ ಮುಂದೆ ಅಂಟಿದವು. ವ್ಯಾಪಾರಿಗಳು ಹಾಲಿನ ಚಹಾ ನಿಲ್ಲಿಸಿ ಕಪ್ಪು ಚಹಾ ಕೊಟ್ಟು ಪ್ರತಿಭಟಿಸಿದರು. ಜುಲೈ 25ಕ್ಕೆ ಬಂದ್ ಕರೆಯೂ ಇತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಗಳ ಜೊತೆ ಸಭೆ ಮಾಡಿ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ತೆರಿಗೆ ಇಲ್ಲದ ವಸ್ತು ಮಾರುವವರಿಗೆ ತೊಂದರೆ ಇಲ್ಲ ಎಂದು ಭರವಸೆ ಕೊಟ್ಟರು. ಬಂದ್ ಕೈಬಿಟ್ಟರು. ಆದರೆ ಒಂದು ಮಾತು ನೆನಪಿರಲಿ. ಪೇಪರಿನಲ್ಲಿ ಬಂದ ಭರವಸೆ ಬೇರೆ, ನಿಮ್ಮ ಹೆಸರಿನ ನೋಟಿಸ್ ಮುಗಿದಿದೆ ಎಂದು ಇಲಾಖೆ ಬರೆದುಕೊಡುವ ಕಾಗದ ಬೇರೆ. ಆ ಕಾಗದ ಕೈಗೆ ಬರುವ ತನಕ ಕೆಲಸ ಮುಗಿದಿಲ್ಲ.

ನೋಟಿಸ್ ತೀರ್ಪಲ್ಲ

ಹೆಚ್ಚಿನವರು ಹೆದರುವುದು ಇಲ್ಲಿಯೇ. ಕಾಗದದಲ್ಲಿ ಲಕ್ಷಗಟ್ಟಲೆ ಮೊತ್ತ ಕಂಡ ಕೂಡಲೇ ಅಷ್ಟೂ ಕಟ್ಟಲೇಬೇಕು ಅಂದುಕೊಳ್ಳುತ್ತಾರೆ. ಮಡದಿಯ ಬಂಗಾರ ಅಡವಿಡುವ ಮಾತು, ಬಡ್ಡಿ ಸಾಲದ ಮಾತು ಬರುತ್ತದೆ. ಇನ್ನು ಕೆಲವರು ಅದನ್ನು ಮಡಚಿ ಗಲ್ಲೆಯ ಕೆಳಗೆ ಇಟ್ಟು, 'ನೋಡೋಣ, ಅವರೇ ಮರೆತುಬಿಡ್ತಾರೆ' ಅಂತ ಕೂರುತ್ತಾರೆ. ಎರಡೂ ತಪ್ಪು.

ನೋಟಿಸ್ ಅಂದರೆ ಒಂದು ಪ್ರಶ್ನೆ. ನಮಗೆ ಸಿಕ್ಕ ಲೆಕ್ಕ ಹೀಗಿದೆ, ನಿಮ್ಮದೇನು ಎಂದು ಕೇಳುವುದು. ನಿಮ್ಮ ಉತ್ತರ ನೋಡಿದ ಮೇಲೆ ಬರುವುದು ಆದೇಶ. ಉತ್ತರವೇ ಇಲ್ಲದಿದ್ದರೆ ಅಧಿಕಾರಿ ತಮ್ಮ ಹತ್ತಿರ ಇರುವ ಲೆಕ್ಕದ ಮೇಲೆಯೇ ಆದೇಶ ಮಾಡಬಹುದು. ಸುಮ್ಮನೆ ಕೂತವರಿಗೆ ಆಗುವ ನಷ್ಟ ಅದು.

ಇಷ್ಟು ಹಳೇ ವರ್ಷದ್ದು ಈಗ ಕೇಳಬಹುದಾ ಎಂಬ ಪ್ರಶ್ನೆ ಸಹಜ. ಕೇಳಬಹುದು, ಆದರೆ ಅದಕ್ಕೊಂದು ಗಡುವು ಇದೆ. ಮೋಸದ ಆರೋಪ ಇಲ್ಲದ ಪ್ರಕರಣದಲ್ಲಿ, 73ನೇ ಕಲಂ ಪ್ರಕಾರ, ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ದಿನದಿಂದ 3 ವರ್ಷದೊಳಗೆ ಆದೇಶ ಆಗಬೇಕು. ನೋಟಿಸ್ ಅದಕ್ಕೂ ಕನಿಷ್ಠ 3 ತಿಂಗಳು ಮೊದಲೇ ಕೊಟ್ಟಿರಬೇಕು. ಬೇಕೆಂದೇ ಮುಚ್ಚಿಟ್ಟದ್ದು ಎಂಬ ಆರೋಪ ಇದ್ದರೆ 74ನೇ ಕಲಂ, ಅದಕ್ಕೆ 5 ವರ್ಷ. ನೋಂದಣಿಯೇ ಇಲ್ಲದವರ ಮೇಲೆ 63ನೇ ಕಲಂ ಪ್ರಕಾರ ತೆರಿಗೆ ನಿರ್ಧಾರ ಮಾಡಲಿಕ್ಕೂ 5 ವರ್ಷ. 2024-25ರಿಂದ ಈಚಿನ ವರ್ಷಗಳಿಗೆ 74ಎ ಎಂಬ ಹೊಸ ಕಲಂ ಬಂದಿದೆ, ಅದರಲ್ಲಿ ನೋಟಿಸ್‌ಗೆ 42 ತಿಂಗಳ ಗಡುವು. ಆದ್ದರಿಂದ ನೋಟಿಸ್ ಬಂದರೆ ಮೊತ್ತ ನೋಡುವ ಮೊದಲು ಮೂರು ವಿಷಯ ನೋಡಿ: ಯಾವ ವರ್ಷದ್ದು, ಯಾವ ಕಲಂ, ಉತ್ತರಕ್ಕೆ ಕಡೇ ದಿನ ಯಾವುದು.

ಬಂದ ಕಾಗದ ನಿಜವಾದದ್ದೇ ಎಂದೂ ಖಚಿತ ಮಾಡಿಕೊಳ್ಳಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಹಣ ಕಟ್ಟಬೇಡಿ. 'ನಾವು ಸರಿ ಮಾಡಿಸ್ತೇವೆ' ಎಂದು ಬರುವ ಮಧ್ಯವರ್ತಿಯ ಕೈಗೂ ಕೊಡಬೇಡಿ. ನೋಟಿಸ್ ಮೇಲಿರುವ ಕಚೇರಿಗೇ ಒಮ್ಮೆ ಹೋಗಿ ವಿಚಾರಿಸಿ.

ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ

ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೋಟೆಲು, ಚಹಾದಂಗಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ, ಇದು ನಮ್ಮ ಅನೇಕರಿಗೆ ಗೊತ್ತಿಲ್ಲ. ತಾಜಾ ತರಕಾರಿ, ಹಣ್ಣು, ಹೂವು, ಹಾಲು, ಮೊಟ್ಟೆ, ಹಸಿ ಮೀನು, ತಾಜಾ ಕೋಳಿ ಮಾಂಸ, ಬ್ರೆಡ್ – ಇವಕ್ಕೆ ತೆರಿಗೆಯೇ ಇಲ್ಲ. ಇಂಥದ್ದನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ. ಹಾವೇರಿಯ ಪ್ರಕರಣವನ್ನೇ ನೋಡಿ. 1.63 ಕೋಟಿಗೆ ಶೇ 18 ಹಾಕಿದರೆ ಹತ್ತಿರ ಹತ್ತಿರ ಆ 29 ಲಕ್ಷವೇ ಬರುತ್ತದೆ. ಮಾರಿದ್ದು ತಾಜಾ ತರಕಾರಿ ಎಂದು ದಾಖಲೆ ತೋರಿಸಿದರೆ ಆ ಮಾರಾಟಕ್ಕೆ ತೆರಿಗೆ ಸೊನ್ನೆ. ಹಡಗಲಿಯ ಮಲ್ಲಿಗೆ ಹೂ ಮಾರುವವರಿಗೂ ಇದೇ ಮಾತು.

ಎರಡನೆಯದು, ಯುಪಿಐಗೆ ಬಂದ ಹಣವೆಲ್ಲ ಮಾರಾಟದ ಹಣವಲ್ಲ. ನಮ್ಮ ಮನೆಗಳ ರೀತಿ ನಮಗೇ ಗೊತ್ತು. ಗಲ್ಫ್‌ನಲ್ಲಿರುವ ಅಣ್ಣ ಮನೆ ಖರ್ಚಿಗೆ ಕಳಿಸುವುದು ಅಂಗಡಿಯ ಖಾತೆಗೇ. ತಮ್ಮನ ಅಂಗಡಿಯಲ್ಲಿ ಅಂಟಿಸಿರುವುದು ಅಣ್ಣನ ಕ್ಯೂಆರ್. ಮಹಲ್ಲಿನ ಕಾರ್ಯಕ್ರಮಕ್ಕೆ ಚಂದಾ ಎತ್ತಿದ್ದು ಖಜಾಂಚಿಯ ಸ್ವಂತ ನಂಬರಿಗೆ. ಕೈಸಾಲ, ಚೀಟಿ ಹಣ ಎಲ್ಲವೂ ಅದೇ ಖಾತೆಯಲ್ಲಿ. ಇಲಾಖೆಯ ಕಂಪ್ಯೂಟರಿಗೆ ಇವೆಲ್ಲ ಒಂದೇ ಥರ ಕಾಣುತ್ತವೆ. ಬೇರೆ ಮಾಡಿ ತೋರಿಸುವ ಕೆಲಸ ನಮ್ಮದು.

ಒಂದು ಲೆಕ್ಕ ಹಾಕಿ ನೋಡೋಣ. ಇದು ಉದಾಹರಣೆ ಮಾತ್ರ. ಒಂದು ಬೇಕರಿಗೆ ಒಂದು ವರ್ಷದಲ್ಲಿ ಯುಪಿಐ ಮೂಲಕ 48 ಲಕ್ಷ ಬಂದಿದೆ. ಶೇ 18ರ ಹಾಗೆ 8,64,000 ತೆರಿಗೆ ಎಂದು ನೋಟಿಸ್. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಕೂತರೆ ಅಣ್ಣ ಕಳಿಸಿದ್ದು 6 ಲಕ್ಷ, ಚೀಟಿಯದ್ದು 3 ಲಕ್ಷ, ಚಂದಾ 2 ಲಕ್ಷ. ಈ 11 ಲಕ್ಷ ತೆಗೆದರೆ ಉಳಿಯುವುದು 37 ಲಕ್ಷ. 'ಹಾಗಾದ್ರೆ 40 ದಾಟಲಿಲ್ಲ, ಬಚಾವ್' ಅನ್ನುವಂತಿಲ್ಲ. ನಗದು ಮಾರಾಟವನ್ನೂ ಸೇರಿಸಬೇಕು. ಅದು 5 ಲಕ್ಷ ಇದ್ದರೆ ಒಟ್ಟು 42 ಲಕ್ಷ, ಮಿತಿ ದಾಟಿತು. ಮಿತಿಯ ಲೆಕ್ಕಕ್ಕೆ ಹಾಲು, ಬ್ರೆಡ್ಡಿನ ಮಾರಾಟವೂ ಸೇರುತ್ತದೆ. ತೆರಿಗೆಯ ಲೆಕ್ಕಕ್ಕೆ ಮಾತ್ರ ಅವು ಬರುವುದಿಲ್ಲ. ಹಾಲು, ಬ್ರೆಡ್ 15 ಲಕ್ಷದ್ದಾದರೆ ತೆರಿಗೆ ಬೀಳುವುದು 27 ಲಕ್ಷಕ್ಕೆ. ಎಲ್ಲವೂ ಶೇ 18 ಎಂದಿಟ್ಟುಕೊಂಡರೂ 4,86,000. ನೋಟಿಸಿನ ಮೊತ್ತಕ್ಕಿಂತ 3,78,000 ಕಡಿಮೆ. ಮಿತಿ ದಾಟಿದ್ದು ಅದೇ ವರ್ಷವಾದರೆ, ದಾಟಿದ ದಿನದ ಮೇಲಿನ ಮಾರಾಟಕ್ಕೆ ಮಾತ್ರ ತೆರಿಗೆ ಎಂಬ ವಾದವೂ ಇದೆ. ಇದನ್ನು ತೆರಿಗೆ ಸಲಹೆಗಾರರು ಸರಿಯಾಗಿ ಬರೆದುಕೊಡುತ್ತಾರೆ.

ಉತ್ತರ ಹೇಗಿರಬೇಕು

'ನಾವು ಬಡವರು, ಬಿಟ್ಟುಬಿಡಿ' ಎಂದು ಬರೆದರೆ ಅದು ಉತ್ತರವಲ್ಲ. ತಿಂಗಳುವಾರು ಪಟ್ಟಿ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟಿನ ಪ್ರತಿ, ವ್ಯಾಪಾರವಲ್ಲದ ಪ್ರತಿ ಮೊತ್ತದ ಮುಂದೆ ಯಾರಿಂದ, ಯಾತಕ್ಕೆ ಎಂಬ ವಿವರ, ಹಾಲಿನ ಡೈರಿ ಬಿಲ್ಲು, ಬ್ರೆಡ್ ಸಪ್ಲೈ ಬಿಲ್ಲು, ಎಪಿಎಂಸಿ ಚೀಟಿ ಇವೆಲ್ಲ ಜೊತೆಗಿರಲಿ. ಸಾಲ ಕೊಟ್ಟವರಿಂದ, ಹಣ ಕಳಿಸಿದವರಿಂದ ಒಂದು ಪತ್ರ ಬರೆಸಿಕೊಳ್ಳಿ. ಸಾಲದ ವ್ಯವಹಾರ ಬರೆದಿಡಬೇಕು ಎಂಬುದು ನಾವು ಮಕ್ಕಳಿಗೆ ಮದ್ರಸದಲ್ಲೇ ಹೇಳಿಕೊಡುವ ಪಾಠ. ಸೂರಃ ಬಕರದ 282ನೇ ಆಯತ್ತಿನಲ್ಲಿ ಅದರ ಆದೇಶವೇ ಇದೆ. ಅಣ್ಣತಮ್ಮಂದಿರ ನಡುವೆ ಬರಹ ಯಾಕೆ ಎಂಬ ಸಂಕೋಚಕ್ಕೆ ನಾವು ಆ ಪಾಠ ಬಿಟ್ಟುಬಿಟ್ಟಿದ್ದೇವೆ.

ಉತ್ತರ ಕೊಟ್ಟದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ದಾಖಲೆ ಕೂಡಿಸಲು ಸಮಯ ಸಾಲದಿದ್ದರೆ ಕಡೇ ದಿನಕ್ಕೆ ಮೊದಲೇ ಬರೆದು ಕೇಳಿ. ಖುದ್ದಾಗಿ ಹೇಳಿಕೊಳ್ಳಲು ಅವಕಾಶ ಬೇಕು ಎಂದೂ ಬರೆಯಿರಿ. 75ನೇ ಕಲಂ ಪ್ರಕಾರ ನಿಮಗೆ ವಿರುದ್ಧವಾದ ತೀರ್ಮಾನ ಮಾಡುವ ಮೊದಲು ಆ ಅವಕಾಶ ಕೊಡಲೇಬೇಕು. ನೋಟಿಸ್‌ನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಮೊತ್ತವನ್ನು ಆದೇಶದಲ್ಲಿ ಹಾಕುವಂತಿಲ್ಲ ಎಂಬುದೂ ಅದೇ ಕಲಂನಲ್ಲಿದೆ.

ಆದೇಶ ವಿರುದ್ಧವಾಗಿ ಬಂದರೂ ದಾರಿ ಮುಚ್ಚಿಲ್ಲ. 107ನೇ ಕಲಂ ಪ್ರಕಾರ ಆದೇಶ ತಲುಪಿದ ದಿನದಿಂದ 3 ತಿಂಗಳೊಳಗೆ ಮೇಲ್ಮನವಿ ಹಾಕಬಹುದು. ತಕರಾರಿನ ತೆರಿಗೆಯಲ್ಲಿ ಶೇ 10 ಮೊದಲು ಕಟ್ಟಬೇಕು. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 1 ತಿಂಗಳು ಸಿಗಬಹುದು, ಅದಕ್ಕಿಂತ ಹೆಚ್ಚಿಲ್ಲ.

ಆದಾಯ ತೆರಿಗೆಯ ಹಳೇ ಬಾಕಿ

ಜಿಎಸ್‌ಟಿ ಮಾತ್ರ ಅಲ್ಲ, ಆದಾಯ ತೆರಿಗೆಯಲ್ಲೂ ಹೀಗೆ ಹಳೇ ಬಾಕಿ ಮೇಲೇಳುತ್ತದೆ. ರೀಫಂಡ್ ಬರಬೇಕಾದ ವರ್ಷ 'ನಿಮ್ಮದು ಇಂಥ ವರ್ಷದ ಬಾಕಿ ಇದೆ, ಅದಕ್ಕೆ ಹೊಂದಿಸುತ್ತೇವೆ' ಎಂದು ಸಂದೇಶ ಬಂದಾಗಲೇ ಅನೇಕರಿಗೆ ಗೊತ್ತಾಗುವುದು. ಇಂಥ ಹಳೇ ಬಾಕಿಗಳಲ್ಲಿ ಎಲ್ಲವೂ ಸರಿಯಿಲ್ಲ ಎಂದು ಕೇಂದ್ರ ಸರ್ಕಾರವೇ ಒಪ್ಪಿದೆ. 2024ರ ಫೆಬ್ರುವರಿ 1ರ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, 1962ರಷ್ಟು ಹಿಂದಿನ, ತಾಳೆಯೇ ನೋಡದ ಸಣ್ಣ ಸಣ್ಣ ಬೇಡಿಕೆಗಳು ಪುಸ್ತಕದಲ್ಲಿ ಉಳಿದಿವೆ ಎಂದು ಹೇಳಿ ಅವುಗಳನ್ನು ಕೈಬಿಟ್ಟರು. 2009-10ರ ವರೆಗಿನವು 25,000 ರೂಪಾಯಿ ತನಕ, 2010-11ರಿಂದ 2014-15ರ ತನಕದವು 10,000 ತನಕ. ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿ.

ಇದಕ್ಕಿಂತ ಈಚಿನ ಬಾಕಿ ತೋರಿಸಿದರೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಬಾಕಿ ಬೇಡಿಕೆಗೆ ಉತ್ತರಿಸುವ ಜಾಗವಿದೆ. ಒಪ್ಪುವುದಿಲ್ಲ ಎಂದು ಕಾರಣ ಸಮೇತ ಅಲ್ಲೇ ದಾಖಲಿಸಬಹುದು. ಸಂಬಳದಲ್ಲಿ ಟಿಡಿಎಸ್ ಹಿಡಿದದ್ದು ಲೆಕ್ಕಕ್ಕೆ ಬಾರದೆ ಹೋಗಿದ್ದರೆ 26ಎಎಸ್ ಪಟ್ಟಿ, ಫಾರಂ 16 ಜೊತೆಗಿಟ್ಟು ತಿದ್ದುಪಡಿ ಕೇಳಿ. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ನೋಟಿಸ್‌ಗಳ ಮೇಲೆ ಡಿಐಎನ್ ಎಂಬ ಸಂಖ್ಯೆ ಇರಬೇಕು. ಅದನ್ನು ಪೋರ್ಟಲ್‌ನಲ್ಲಿ ಹಾಕಿದರೆ ಕಾಗದ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಇದ್ದದ್ದನ್ನು ಕೊಡಬೇಕು

ತಕರಾರು ಮಾಡುವುದು ಅಂದರೆ ತಪ್ಪಿಸಿಕೊಳ್ಳುವುದಲ್ಲ. ಲೆಕ್ಕ ಹಾಕಿದ ಮೇಲೆ ನಿಜವಾಗಿ ಬಾಕಿ ಕಂಡರೆ ಕಟ್ಟುವುದೇ ಸರಿ. 73ನೇ ಕಲಂನ ನೋಟಿಸ್ ಆದರೆ 30 ದಿನದೊಳಗೆ ತೆರಿಗೆ, ಬಡ್ಡಿ ಎರಡೂ ಕಟ್ಟಿದವರಿಗೆ ಸಾಮಾನ್ಯವಾಗಿ ದಂಡ ಇಲ್ಲ. ಗಿರಾಕಿಯಿಂದ ತೆರಿಗೆ ಅಂತ ಹೇಳಿ ತೆಗೆದುಕೊಂಡ ಹಣವಂತೂ ನಮ್ಮ ಕೈಯಲ್ಲಿರುವ ಅಮಾನತ್ತು, ಅದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಆದರೆ ಕೊಡಬೇಕಿಲ್ಲದ್ದನ್ನು ಹೆದರಿಕೆಗೆ ಸಾಲ ಮಾಡಿ ಕಟ್ಟುವುದೂ ಸರಿಯಲ್ಲ. ಅದು ಹೆಂಡತಿ ಮಕ್ಕಳ ಹಕ್ಕಿನ ಹಣ.

ಕ್ಯೂಆರ್ ಕಿತ್ತುಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ತೆರಿಗೆ ಇರುವುದು ಮಾರಾಟದ ಮೇಲೆ, ಯುಪಿಐ ಮೇಲಲ್ಲ. ಅದಕ್ಕಿಂತ ಅಂಗಡಿಗೊಂದು, ಮನೆಗೊಂದು ಖಾತೆ ಬೇರೆ ಮಾಡಿ. ಅಣ್ಣನ ಅಂಗಡಿಗೆ ಅಣ್ಣನ ಕ್ಯೂಆರ್, ತಮ್ಮನದಕ್ಕೆ ತಮ್ಮನದು. ಚಂದಾ ಎತ್ತಲು ಜಮಾಅತಿನ ಹೆಸರಿನಲ್ಲೇ ಖಾತೆ ತೆರೆಯಿರಿ. ಕೊಟ್ಟೂರಿನ ತೇರು, ಮೈಲಾರದ ಜಾತ್ರೆಗೆ ಅಂಗಡಿ ಹಾಕುವವರು ಆ ದಿನಗಳ ಮಾರಾಟವನ್ನು ಬೇರೆ ಬರೆದಿಡಿ. ಬಿಲ್ಲುಗಳನ್ನು ಕನಿಷ್ಠ 6 ವರ್ಷ ಇಟ್ಟುಕೊಳ್ಳಿ. ವಹಿವಾಟು ಮಿತಿಗೆ ಹತ್ತಿರ ಬಂದರೆ ನೋಂದಣಿ ಮಾಡಿಸಿ. ಸರಕು ವ್ಯಾಪಾರಿಗಳಿಗೂ ಹೋಟೆಲಿನವರಿಗೂ ವರ್ಷಕ್ಕೆ 1.5 ಕೋಟಿ ತನಕ ರಾಜಿ ತೆರಿಗೆ ಪದ್ಧತಿ ಇದೆ. ವ್ಯಾಪಾರಿಗೆ ಶೇ 1, ಹೋಟೆಲಿಗೆ ಶೇ 5. ಆದರೆ ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ.

ಈ ಲೆಕ್ಕ ಬರೆಯುವ ಕೆಲಸಕ್ಕೆ ಪಿಯುಸಿ ಓದಿದ ಮಗಳೋ ಸೊಸೆಯೋ ಮನೆಯಲ್ಲಿ ಇದ್ದರೆ ಅವರಿಗೇ ವಹಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ನಾಲ್ಕು ವರ್ಷ ಬಿಟ್ಟು ಒಂದು ಕಾಗದ ಬಂದರೆ, ಆ ಹತ್ತು ನಿಮಿಷದ ಬರಹವೇ ಅಂಗಡಿಯನ್ನೂ ಮನೆಯನ್ನೂ ಉಳಿಸುತ್ತದೆ.