ಫೈಬರ್ ದೋಣಿ ಕುಂಬಾಗುವುದುಂಟೇ?

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲ ಕರೆಯಲ್ಲಿ ನಡೆದು ಹೋದರೆ, ತೆಂಗಿನ ಬುಡದಲ್ಲೋ ಮನೆಯ ಹಿಂಬದಿಯಲ್ಲೋ ಮೂಲೆಗೆ ತಳ್ಳಿದ ಹಳೆಯ ಫೈಬರ್ ದೋಣಿಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಬಣ್ಣ ಮಾಸಿದೆ ಎಂಬುದನ್ನು ಬಿಟ್ಟರೆ ಹೊರಮೈಯಲ್ಲಿ ದೊಡ್ಡ ಕುಂದು ಕಾಣುವುದಿಲ್ಲ. ಆದರೂ ಮನೆಯವರನ್ನು ವಿಚಾರಿಸಿದರೆ, "ಅದು ಕುಂಬಾಗಿದೆ ಮಾಸ್ಟ್ರೇ, ಇನ್ನು ಕಡಲಿಗಾಗದು" ಎಂಬ ಉತ್ತರ ಬರುತ್ತದೆ. ಮರ ಕುಂಬಾಗುವುದನ್ನು ನಾವೆಲ್ಲ ಬಲ್ಲೆವು. ಗಾಜಿನ ನೂಲು ಮತ್ತು ರೆಸಿನ್ ಎಂಬ ಅಂಟಿನಿಂದ ಮಾಡಿದ ಫೈಬರ್ ಕುಂಬಾಗುವುದುಂಟೇ?

ಇಲ್ಲ. ಕುಂಬಾಗುವುದು ಫೈಬರಲ್ಲ, ಅದರ ಹೊಟ್ಟೆಯೊಳಗೆ ಅಡಗಿರುವ ಮರ. ಈ ಒಂದು ಸಂಗತಿಯನ್ನು ಸರಿಯಾಗಿ ತಿಳಿದುಕೊಂಡರೆ, ಸತ್ತಿತೆಂದು ಕೈಬಿಟ್ಟ ಎಷ್ಟೋ ದೋಣಿಗಳು ಮನೆಯ ಶೆಡ್ಡಿನಲ್ಲಿಯೇ ಮರುಜೀವ ಪಡೆಯಬಹುದು. ತಿಳಿಯದೆ ಹೊರಗಿನಿಂದ ಒಂದು ತೇಪೆ ಹಚ್ಚಿ ನೀರಿಗಿಳಿಸಿದರೆ ಪ್ರಾಣಕ್ಕೇ ಸಂಚಕಾರ ಬಂದೀತು.

ಮರದಿಂದ ಗಾಜಿನ ನೂಲಿಗೆ

ನಮ್ಮ ಹಿರಿಯರ ದೋಣಿಗಳು ಮಾವು, ಹೆಬ್ಬಲಸು ಮೊದಲಾದ ಮರಗಳವು. ತುಳುವಿನವರು ಪೆಜ ಎಂದೂ ಮಲಯಾಳದವರು ಆಂಜಿಲಿ ಎಂದೂ ಕರೆಯುವ ಮರವೇ ಈ ಹೆಬ್ಬಲಸು. ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ಅಂಥ ದೋಣಿಗೆ ದುಡಿಮೆ ಹೆಚ್ಚು ಬೇಕಾಗಿತ್ತು, ನಿಜ. ಆದರೆ ಅದು ತನ್ನ ರೋಗವನ್ನು ಬಚ್ಚಿಡುತ್ತಿರಲಿಲ್ಲ. ಹಲಗೆ ಕುಂಬಾದರೆ ಕಣ್ಣಿಗೆ ಕಾಣುತ್ತಿತ್ತು. ಆಚಾರಿ ಬಂದು ಆ ಹಲಗೆಯನ್ನು ತೆಗೆದು ಬೇರೆಯದನ್ನು ಕೂರಿಸುತ್ತಿದ್ದ.

ಗಾಜನ್ನು ಕೂದಲಿಗಿಂತ ತೆಳುವಾದ ಎಳೆಗಳಾಗಿ ಕಾರ್ಖಾನೆಯಲ್ಲಿ ತಯಾರಿಸುವ ವಿದ್ಯೆ ಅಮೇರಿಕದಲ್ಲಿ 1930ರ ದಶಕದಲ್ಲಿ ಕೈಗೂಡಿತು. 1942ರಲ್ಲಿ ಅಲ್ಲಿನ ಒಹಾಯೊ ರಾಜ್ಯದ ರೇ ಗ್ರೀನ್ ಎಂಬಾತ ಈ ನೂಲಿಗೆ ರೆಸಿನ್ ಕೂಡಿಸಿ ಒಂದು ಪುಟ್ಟ ದೋಣಿ ಮಾಡಿದ. ಕೇರಳದ ಕರಾವಳಿಯಲ್ಲಿ 1980ರ ದಶಕದಲ್ಲಿ ನಾಡದೋಣಿಗಳಿಗೆ ಹೊರಗಟ್ಟುವ ಎಂಜಿನ್ ಬಂದಿತು. ಆ ಬಳಿಕ ಫೈಬರ್ ದೋಣಿಗಳೂ ಹೆಚ್ಚುತ್ತಾ ಬಂದುವು.

ಮನೆಯ ತಾರಸಿಯಲ್ಲಿ ಸಿಮೆಂಟು ಮತ್ತು ಕಬ್ಬಿಣದ ಸರಳು ಇದ್ದ ಹಾಗೆಯೇ ಇಲ್ಲಿ ರೆಸಿನ್ ಮತ್ತು ಗಾಜಿನ ನೂಲು. ಒಂದು ಗಟ್ಟಿತನವನ್ನೂ ಇನ್ನೊಂದು ಎಳೆತ ತಡೆಯುವ ಬಲವನ್ನೂ ಕೊಡುತ್ತದೆ. ಆದರೆ ಈ ಚರ್ಮ ತೆಳು, ಒತ್ತಿದರೆ ಬಾಗುತ್ತದೆ. ಆದುದರಿಂದ ಎಂಜಿನ್ ಕೂರಿಸುವ ಹಿಂಬದಿಯ ಗೋಡೆಯ ಒಳಗೆ ಪ್ಲೈವುಡ್, ತಳದ ಉದ್ದಕ್ಕೂ ಮರದ ತೊಲೆ, ಮುಳುಗದಿರಲೆಂದು ಅಲ್ಲಲ್ಲಿ ಫೋಮ್ ಇಟ್ಟು, ಎಲ್ಲದರ ಮೇಲೆ ಫೈಬರ್ ಹೊದಿಸುವ ಪದ್ಧತಿ ಬೆಳೆಯಿತು. ಮುಂದೆ ಬರುವ ತೊಂದರೆಯ ಬೀಜ ಇರುವುದು ಈ ಹೊದಿಕೆಯ ಒಳಗೆ.

ನೀರು ಒಳಗೆ ಹೋಗುವುದು ದೊಡ್ಡ ಬಿರುಕಿನಿಂದಲೇ ಎಂದು ತಿಳಿಯಬಾರದು. ಕೊಂಡಿ ಕೂರಿಸಲು ಹಾಕಿದ ಒಂದು ಸ್ಕ್ರೂ, ಎಂಜಿನ್ನಿನ ಒಂದು ಬೋಲ್ಟು ಸಾಕು. ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿಲ್ಲ, ಬಿಸಿಲಿಲ್ಲ, ಗಾಳಿಯಾಡುವುದಿಲ್ಲ. ಮರ ತಿನ್ನುವ ಬೂಷ್ಟಿಗೆ ಇದಕ್ಕಿಂತ ಹಿತವಾದ ಮನೆ ಬೇಕೇ? ಇನ್ನೊಂದು ವಿಷಯ ಅನೇಕರಿಗೆ ತಿಳಿಯದು. ಉಪ್ಪುನೀರಿಗಿಂತ ಮಳೆಯ ಸಿಹಿನೀರು ಮರಕ್ಕೆ ಹೆಚ್ಚಿನ ಶತ್ರು. ಉಪ್ಪು ಬೂಷ್ಟಿನ ಬೆಳವಣಿಗೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಕಡಲಿನಲ್ಲಿ ದುಡಿಯುವ ದೋಣಿಗಿಂತ, ಮಳೆಗಾಲವಿಡೀ ಬಾಯಿ ಮೇಲೆ ಮಾಡಿ ಅಂಗಳದಲ್ಲಿ ನೀರು ತುಂಬಿ ನಿಂತ ದೋಣಿ ಬೇಗ ಕೆಡುವುದು ಇದರಿಂದಲೇ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ತಟ್ಟಿ ನೋಡುವುದು, ತೆರೆದು ನೋಡುವುದು

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇಂಥದೊಂದು ದುರಸ್ತಿ ನಡೆದಾಗ ಸಂಜೆಯ ಹೊತ್ತು ಹೋಗಿ ನೋಡುವ ಅವಕಾಶ ನಮಗೆ ದೊರೆಯಿತು. ಕಾರಿಲ್ಲದ ಕಾರು ಶೆಡ್ಡು, ಅದರಲ್ಲಿ ಹದಿನೆಂಟು ಅಡಿಯ ದೋಣಿ. ಹೊಸತು ಕೊಳ್ಳಬೇಕಾದರೆ ಮನೆಯ ಹೆಂಗಸರ ಚಿನ್ನ ಬ್ಯಾಂಕಿಗೆ ಹೋಗಬೇಕು. ಹಳತನ್ನೇ ನೀರಿಗಿಳಿಸೋಣವೆಂದರೆ ಎಂಜಿನ್ ಓಡುವಾಗ ಹಿಂಬದಿಯ ಗೋಡೆ ಅಲುಗುತ್ತಿತ್ತು. ಎಂಜಿನ್ನಿನ ತೂಕವೂ ನೂಕುವ ಬಲವೂ ಬೀಳುವುದು ಆ ಒಂದು ಗೋಡೆಯ ಮೇಲೆ. ನಡುಗಡಲಿನಲ್ಲಿ ಅದು ಕಿತ್ತುಬಂದರೆ ಎಂಜಿನ್ ಹೋಗುವುದಲ್ಲದೆ ದೋಣಿಗೆ ನೀರು ನುಗ್ಗುವುದಕ್ಕೂ ಹೆಚ್ಚು ಹೊತ್ತು ಬೇಡ.

ಕರೆಸಿದ ಮೇಸ್ತ್ರಿ ಮೊದಲು ದೋಣಿಯನ್ನು ನೆಲಮಟ್ಟಕ್ಕೆ ಸರಿಯಾಗಿ, ಹಳೆಯ ಟಯರುಗಳ ಮೇಲೆ ನಾಲ್ಕಾರು ಕಡೆ ಆಧಾರ ಕೊಟ್ಟು ಕೂರಿಸಿದ. ಎರಡೇ ಕಡೆ ಆಧಾರ ಕೊಟ್ಟರೆ ಒಡಲು ತನ್ನ ಭಾರಕ್ಕೆ ತಾನೇ ಸೊಟ್ಟಗಾಗುತ್ತದೆ. ಆ ಸ್ಥಿತಿಯಲ್ಲಿ ಹೊಸ ತೊಲೆ ಕೂರಿಸಿದರೆ ಸೊಟ್ಟತನವೇ ಶಾಶ್ವತವಾಗುತ್ತದೆ. ಅನಂತರ ಒಂದು ಸಣ್ಣ ಮರದ ಕೊಡತಿಯಿಂದ ಗೇಣುಗೇಣಿಗೆ ತಟ್ಟುತ್ತಾ ಹೋದ. ಗಟ್ಟಿಯಿದ್ದಲ್ಲಿ 'ಟಕ್' ಎಂಬ ಸದ್ದು. ಕೆಟ್ಟಲ್ಲಿ ಮಂದವಾದ ಸದ್ದು. ತೆಂಗಿನಕಾಯಿ ತಟ್ಟಿ ನೋಡಬಲ್ಲ ನಮ್ಮವರ ಕಿವಿಗೆ ಈ ವ್ಯತ್ಯಾಸ ತಿಳಿಯದೆ ಇರದು. ಮಂದ ಸದ್ದಿನಲ್ಲಿ ಒಳಗಡೆಯಿಂದ ಸಣ್ಣ ತೂತು ಕೊರೆದಾಗ, ಒಣ ಹೊಟ್ಟಿನ ಬದಲು ಕಾಫಿಪುಡಿಯ ಬಣ್ಣದ ಒದ್ದೆ ಚೂರು ಹೊರಬಂತು.

ಆಮೇಲೆ ಕತ್ತರಿಸುವ ಕೆಲಸ. ಇಲ್ಲಿ ಒಂದು ನಿಯಮವುಂಟು: ಸಾಧ್ಯವಿದ್ದಲ್ಲೆಲ್ಲ ಒಳಗಿನ ಚರ್ಮವನ್ನು ತೆರೆಯಬೇಕು, ಹೊರಗಿನದನ್ನು ಉಳಿಸಬೇಕು. ಹೊರಗಿನ ಚರ್ಮವೇ ಅಚ್ಚಿನಂತೆ ದೋಣಿಯ ಆಕಾರವನ್ನು ಹಿಡಿದಿಡುತ್ತದೆ. ಸುತ್ತಲೂ ಎರಡಂಗುಲದ ಅಂಚು ಬಿಟ್ಟು ಕತ್ತರಿಸಿದರೆ ಹೊಸ ಪದರಕ್ಕೆ ಹಿಡಿತ ಸಿಗುತ್ತದೆ. ಒಳಗಿದ್ದ ಪ್ಲೈವುಡ್ ಕೈಯಲ್ಲಿ ಹಿಂಡಿದರೆ ನೀರು ಸುರಿಯುವಂತಿತ್ತು. ಒಳ್ಳೆಯ ಮರ ಕಾಣುವವರೆಗೆ ಮಾತ್ರವಲ್ಲ, ಅದರಿಂದ ಒಂದಷ್ಟು ಆಚೆಯವರೆಗೂ ಕೆತ್ತಿ ತೆಗೆಯಬೇಕು. ಕಣ್ಣಿಗೆ ಕಾಣದ ಬೂಷ್ಟಿನ ಎಳೆ ಅಲ್ಲಿಯೂ ಇರುತ್ತದೆ.

ಒಣಗಿಸುವ ತಾಳ್ಮೆ

ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ಒದ್ದೆ ಮೈಗೆ ರೆಸಿನ್ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಮುಂದೆ ಸಿಪ್ಪೆಯಂತೆ ಏಳುತ್ತದೆ. ಒಣಗಿತೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಮರುದಿನ ನೋಡಬೇಕು. ಒಳಬದಿಯಲ್ಲಿ ಬೆವರಿನಂತೆ ಹನಿಗಟ್ಟಿದ್ದರೆ ಇನ್ನೂ ಕಾಯಬೇಕು.

ಎಷ್ಟು ದಿನ ಕಾಯುವುದು? ನಮ್ಮವರಿಗೆ ಇದೇ ದೊಡ್ಡ ಸಂಕಟ. ಜೂನ್-ಜುಲಾಯಿಯಲ್ಲಿ ಕಡಲು ಉಕ್ಕುವಾಗ ಸಣ್ಣ ದೋಣಿಗೆ ಬಿಡುವು. ಆದರೆ ಆ ತೇವದಲ್ಲಿ ಏನೂ ಒಣಗದು, ರೆಸಿನ್ ಕೂಡ ಸರಿಯಾಗಿ ಗಟ್ಟಿಯಾಗದು. ಬಿಸಿಲಿರುವ ತಿಂಗಳುಗಳಲ್ಲಿ ದೋಣಿ ಮೇಲೆತ್ತಿದರೆ ಸಂಪಾದನೆ ನಿಲ್ಲುತ್ತದೆ. ಮೇಲೆ ಹೇಳಿದ ಮನೆಯವರು ಫೆಬ್ರವರಿಯಲ್ಲಿ ತೆರೆದು ವಾರಗಟ್ಟಲೆ ಒಣಗಿಸಿದರು. ಆ ದಿನಗಳಲ್ಲಿ ತಂದೆ ಬೇರೆಯವರ ದೋಣಿಗೆ ಆಳಾಗಿ ಹೋದರು. ಸ್ವಂತ ದೋಣಿಯಿದ್ದವನಿಗೆ ಇದು ಸುಲಭದ ಮಾತಲ್ಲ. ಆದರೂ ಒದ್ದೆಯ ಮೇಲೆ ಅಂಟಿಸಿ ಮತ್ತೆ ಎರಡು ವರ್ಷಕ್ಕೆ ಕೀಳುವುದಕ್ಕಿಂತ ಇದೇ ಮೇಲೆಂದು ಅವರು ನಿಶ್ಚಯಿಸಿದರು.

ಲೆಕ್ಕ ತಪ್ಪಬಾರದು

ಇನ್ನು ಕೂಡಿಸುವ ಕೆಲಸ. ಹಾಕುವ ಪ್ಲೈವುಡ್ ಮೆರೈನ್ ದರ್ಜೆಯದ್ದೇ ಆಗಬೇಕು. ಅದರ ಮೇಲೆ ಐ.ಎಸ್. 710 ಎಂಬ ಮುದ್ರೆ ಇರುತ್ತದೆ. ಐ.ಎಸ್. 303 ಎಂದಿದ್ದರೆ ಅದು ಮನೆಯ ಸಾಮಾನ್ಯ ಕೆಲಸಕ್ಕೆ, ದೋಣಿಗಲ್ಲ. ಕೂರಿಸುವ ಮೊದಲು ಹಲಗೆಯ ಎರಡೂ ಮುಖಗಳಿಗೆ, ಮುಖ್ಯವಾಗಿ ನಾಲ್ಕೂ ಅಂಚುಗಳಿಗೆ, ರೆಸಿನ್ ಕುಡಿಸಬೇಕು. ಹಲಗೆ ಮತ್ತು ಚರ್ಮದ ನಡುವೆ ಎಲ್ಲಿಯೂ ಟೊಳ್ಳು ಉಳಿಯದಂತೆ ಗಟ್ಟಿ ಮಾಡಿದ ರೆಸಿನ್ ಮೆತ್ತಿ, ಬಿಗಿದು ಕೂರಿಸಬೇಕು.

ಹಳತಿಗೆ ಹೊಸತು ಸೇರುವಲ್ಲಿ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಅದರ ಪ್ರಮಾಣ ಒಂದಕ್ಕೆ ಹನ್ನೆರಡು. ಅಂದರೆ 5 ಮಿಲಿಮೀಟರ್ ದಪ್ಪದ ಚರ್ಮಕ್ಕೆ 60 ಮಿಲಿಮೀಟರ್ ಇಳಿಜಾರು. ನೆಟ್ಟಗೆ ಕತ್ತರಿಸಿದ ಅಂಚಿಗೆ ಅಂಟಿಸಿದರೆ ಬಲವೆಲ್ಲ ಒಂದು ಗೆರೆಯ ಮೇಲೆ ಬಿದ್ದು ಅಲ್ಲಿಯೇ ಸೀಳುತ್ತದೆ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರ ಹಾಕುವುದಾದರೆ, ಅದರ ಎರಡೂವರೆ ಪಾಲು, ಅಂದರೆ ಸುಮಾರು 1,125 ಗ್ರಾಂ ರೆಸಿನ್ ಬೇಕು. ಕಡಿಮೆಯಾದರೆ ನೂಲು ಒಣಗಿ ಬಿಳಿಯಾಗಿ ಕಾಣುತ್ತದೆ. ಹೆಚ್ಚಾದರೆ ಪದರ ಪೆಡಸಾಗಿ ಒಡೆಯುತ್ತದೆ. ಹಾರ್ಡ್ನರ್ ನೂರಕ್ಕೆ ಒಂದರಿಂದ ಎರಡು ಪಾಲು ಮಾತ್ರ; ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಗ್ರಾಂ. ಕೈಯಂದಾಜು ಸಲ್ಲದು. ಕಲಸಿದ ಮೇಲೆ ಸಿಗುವ ಸಮಯ ಸುಮಾರು ಕಾಲು ಗಂಟೆ. ಆದುದರಿಂದ ಸ್ವಲ್ಪಸ್ವಲ್ಪವಾಗಿಯೇ ಕಲಸಬೇಕು. ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿಟ್ಟರೆ ತನ್ನಷ್ಟಕ್ಕೆ ಕಾದು ಹೊಗೆಯೇಳುವುದುಂಟು. ತರಗತಿಯಲ್ಲಿ ಶೇಕಡಾ ಮತ್ತು ಅನುಪಾತ ಕಲಿಸುವಾಗ "ಇದರಿಂದೇನು ಉಪಯೋಗ?" ಎಂದು ಕೇಳುವ ಹುಡುಗರನ್ನು ಇಂಥ ಶೆಡ್ಡಿಗೆ ಕರೆದೊಯ್ಯಬೇಕು.

ಎಚ್ಚರಿಕೆಯ ನಾಲ್ಕು ಮಾತು

ಮಾರುವ ಡಬ್ಬಗಳ ಮೇಲಿನ ಎಚ್ಚರಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಮೇಸ್ತ್ರಿ ಹೇಳುವುದು ಮಲಯಾಳದಲ್ಲಿ. ಮನೆಯ ಮಾತು ತುಳು. ಆದುದರಿಂದ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಅಗತ್ಯ.

ಹಾರ್ಡ್ನರ್ ಎಂಬುದು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕಣ್ಣಿಗೆ ಕನ್ನಡಕ ಇಲ್ಲದೆ ಅದನ್ನು ಮುಟ್ಟಬಾರದು. ಸಿಡಿದರೆ ಕೂಡಲೇ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಕೆಲವು ರೆಸಿನ್ನಿಗೆ ಕೋಬಾಲ್ಟ್ ಎಂಬ ನೇರಳೆ ಬಣ್ಣದ ದ್ರವವನ್ನು ಬೇರೆಯಾಗಿ ಕೊಡುತ್ತಾರೆ. ಅದನ್ನು ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಹಾರ್ಡ್ನರ್ ಸೇರಿಸಬೇಕು. ಕೋಬಾಲ್ಟನ್ನೂ ಹಾರ್ಡ್ನರನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಿ ಸ್ಫೋಟವಾಗಬಹುದು. ಇವೆರಡನ್ನು ಒಂದೇ ಕಪಾಟಿನಲ್ಲಿಡುವುದೂ ಬೇಡ.

ರೆಸಿನ್ನಿನ ವಾಸನೆಯಲ್ಲಿ ಸ್ಟೈರೀನ್ ಇದೆ. ತಲೆ ಸುತ್ತುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಶೆಡ್ಡಿನ ಬಾಗಿಲು ತೆರೆದಿರಲಿ. ಬೀಡಿ, ಒಲೆ ದೂರವಿರಲಿ. ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಮೂಗಿನ ಮೇಲೆ ಬೈರಾಸು ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು. ಮಕ್ಕಳನ್ನು ಹತ್ತಿರ ಸೇರಿಸಬಾರದು. ಇನ್ನೊಂದು: ಫೋಮ್ ಬದಲಿಗೆಂದು ಥರ್ಮೋಕೋಲ್ ತುಂಬಿ ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಬಳಿದರೆ, ಥರ್ಮೋಕೋಲ್ ಕರಗಿ ಟೊಳ್ಳಾಗುತ್ತದೆ.

ಕೊನೆಗೊಂದು ತೂತು

ಇಷ್ಟೆಲ್ಲ ಮಾಡಿ ಮುಗಿಸಿದ ಮೇಲೆ ಎಂಜಿನ್ ಕೂರಿಸಲು ಮತ್ತೆ ತೂತು ಕೊರೆಯಲೇಬೇಕು. ರೋಗ ಬಂದ ದಾರಿಯೇ ಅದು. ಬೋಲ್ಟಿಗೆ ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಆ ತೂತನ್ನು ಗಟ್ಟಿ ರೆಸಿನ್ನಿನಿಂದ ಪೂರ್ತಿ ತುಂಬಿಸಿ, ಒಣಗಿದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಪುನಃ ಕೊರೆಯಬೇಕು. ಆಗ ಬೋಲ್ಟಿನ ಸುತ್ತ ರೆಸಿನ್ನಿನ ಬಳೆ ಉಳಿದು, ನೀರು ಬಂದರೂ ಮರಕ್ಕೆ ತಾಗುವುದಿಲ್ಲ. ದೋಣಿ ಕಟ್ಟುವಾಗಲೇ ಈ ಅರ್ಧ ದಿನದ ಕೆಲಸ ಮಾಡಿದ್ದರೆ ಎಷ್ಟೋ ಮನೆಗಳ ತಿಂಗಳುಗಟ್ಟಲೆ ದುಡಿಮೆ ಉಳಿಯುತ್ತಿತ್ತು.

ಎಲ್ಲ ದೋಣಿಯನ್ನೂ ಮನೆಯಲ್ಲಿ ಬದುಕಿಸಬಹುದೆಂದು ನಾವು ಹೇಳುವುದಿಲ್ಲ. ಹೊರಗಿನ ಚರ್ಮವೇ ಹಲವು ಕಡೆ ಸೀಳಿದ್ದರೆ, ತಳದ ನಡುಗೆರೆ ಮುರಿದಿದ್ದರೆ, ಅನುಭವವುಳ್ಳವರ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು. ಆದರೆ ಒಳಗಿನ ಮರ ಮಾತ್ರ ಕೆಟ್ಟ ದೋಣಿಯನ್ನು ತೊಡೆದುಹಾಕುವ ಮೊದಲು ಒಂದು ಸಲ ಯೋಚಿಸಬೇಕು. ಹಳೆಯ ಮರದ ದೋಣಿ ಕೊನೆಗೆ ಬಚ್ಚಲೊಲೆಗಾದರೂ ಆಗುತ್ತಿತ್ತು. ಫೈಬರನ್ನು ಸುಟ್ಟರೆ ವಿಷದ ಹೊಗೆ, ಹೂತರೆ ಮಣ್ಣಾಗದು. ನಾವು ಎಸೆದ ಚಿಪ್ಪು ಮೊಮ್ಮಕ್ಕಳ ಕಾಲಕ್ಕೂ ಅದೇ ತೆಂಗಿನ ಬುಡದಲ್ಲಿ ಇರುತ್ತದೆ.

ಈ ಸಲ ಮಳೆಗೆ ಮುಂಚೆ, ಅಂಗಳದಲ್ಲಿ ಫೈಬರ್ ದೋಣಿಯಿರುವವರು ಒಂದು ಮರದ ಕೊಡತಿ ಹಿಡಿದು ಸುತ್ತಲೂ ತಟ್ಟಿ ನೋಡಲಿ. ಸದ್ದು ಗಟ್ಟಿಯಿದ್ದರೆ ಕವುಚಿ ಹಾಕಿ, ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ, ಮೇಲೆ ತಾಡಪಾಲು ಹೊದಿಸಲಿ. ಸದ್ದು ಮಂದವಾಗಿದ್ದರೆ, ಎಂಜಿನ್ ಕಟ್ಟಿ ಕಡಲಿಗಿಳಿಯುವ ಮೊದಲು ತೆರೆದು ನೋಡಲಿ.